ಎದ್ದವರ ಎದೆಬಡಿತ ಮತ್ತು ನೀಲಮ್ಮನವರು

ಸಭೆಯಲ್ಲಿ ಯಾರಾದರೂ ಕುರ್ಚಿಯಿಂದ ಎದ್ದರೆ ಉಳಿದವರೆಲ್ಲ ಅವರ ಮುಖವನ್ನು ನೋಡುತ್ತಾರೆ; ನೀಲಮ್ಮನವರು ಮಾತ್ರ ಕತ್ತನ್ನು ನೋಡುತ್ತಾರೆ. ಅಲ್ಲಿಯ ನಾಡಿ ತಮಗೆ ಕೇಳಿಸುತ್ತಿದೆಯೋ ಎಂಬಂತೆ ತಲೆಯನ್ನು ತುಸು ವಾಲಿಸಿ, ತುಟಿಯಲ್ಲೇ ಏನನ್ನೋ ಎಣಿಸಿ, ಸಮಾಧಾನವಾದ ಮೇಲೆಯೇ ಬಿಟ್ಟ ಮಾತನ್ನು ಮುಂದುವರಿಸುತ್ತಾರೆ. ಒಂದು ಆರತಕ್ಷತೆಯಲ್ಲಿ ಮದುಮಗನನ್ನೂ ಅವರು ಹೀಗೆಯೇ ಪರೀಕ್ಷಿಸಿದ್ದನ್ನು ನಾನು ಕಂಡಿದ್ದೇನೆ.

ಅವರು ವಿಜಯಪುರದ ಕಡೆಯವರು; ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ನೆಲೆಸಿದ ಹೃದಯವೈದ್ಯೆ, ಸಂಶೋಧಕಿ. ಗಿಡ್ಡ ದೇಹ, ದಾಪುಗಾಲಿನ ನಡಿಗೆ, ಬೇಸಿಗೆಯಲ್ಲೂ ಮೈಮೇಲಿನಿಂದ ಇಳಿಯದ ಸಾಸಿವೆ ಬಣ್ಣದ ಉಣ್ಣೆಯ ಕೋಟು. ಅದರ ಜೇಬಿನಲ್ಲಿ ರೋಗಿಯ ಎದೆಗೆ ಅಂಟಿಸುವ ಬಿಲ್ಲೆಗಳೂ ಶೇಂಗಾ ಚಿಕ್ಕಿಯೂ ಜೊತೆಯಾಗಿ ವಾಸಿಸುತ್ತವೆ. ಮಾತಿಗೊಮ್ಮೆ 'ಸಾವಕಾಶ' ಎನ್ನುವುದು ಅವರ ರೂಢಿ. ತಾವು ಮಾತ್ರ ಯಾವುದನ್ನೂ ಸಾವಕಾಶವಾಗಿ ಮಾಡಿದವರಲ್ಲ.

ತಮ್ಮ ವಿದ್ಯೆಯನ್ನು ನನಗೊಮ್ಮೆ ಹೀಗೆ ವಿವರಿಸಿದ್ದರು: "ಮಲಗಿದಾಂವ ಎದ್ದ ಕೂಡ್ಲೆ ಎದಿ ಓಡ್ತದ್ರಿ ಮಾಸ್ತರ್ರ. ಓಡ್ಲಿ, ಅದೇನು ತಪ್ಪಲ್ಲ. ಎಷ್ಟು ಲಗೂ ತನ್ನ ನಡಿಗಿಗೆ ಹೊಳ್ಳಿ ಬರ್ತದ, ಅದನ್ನ ನಾ ಅಳೀತೀನಿ." ರೋಗವನ್ನು ಗುರುತಿಸಬೇಕಾದರೆ ಮೊದಲು ಆರೋಗ್ಯದ ಅಳತೆ ತಿಳಿದಿರಬೇಕು. ಅದಕ್ಕಾಗಿ ಆರೋಗ್ಯವಂತರನ್ನೇ ಕಲೆಹಾಕಿದ ಅವರ ಅಧ್ಯಯನದಲ್ಲಿ ನಮ್ಮ ಕಡೆಯ ಹಿರಿಯರು ತೀರ ಕಡಿಮೆ. ವಸಂತ ಮುಗಿಯುವುದರೊಳಗೆ ಸಾಕಷ್ಟು ಜನ ಸಿಗದಿದ್ದರೆ ನಮ್ಮವರನ್ನು ಹೊರಗಿಟ್ಟೇ ಆ ಅಳತೆ ನಿರ್ಧಾರವಾಗುವುದರಲ್ಲಿತ್ತು. ಅದನ್ನು ನೆನೆದರೆ ನೀಲಮ್ಮನವರಿಗೆ ಊಟ ಸೇರುತ್ತಿರಲಿಲ್ಲ.

ಕಳೆದ ವರ್ಷ ಒಂದು ಭಾನುವಾರ ಸಮುದಾಯ ಭವನದಲ್ಲಿ ಮಂಚಗಳನ್ನು ಹಾಕಿಸಿ ಕನ್ನಡ ಬಳಗದ ಹಿರಿಯರನ್ನೆಲ್ಲ ಕರೆದರು, ನಾನೂ ಹೋದೆ. ಬಿಲ್ಲೆ ಅಂಟಿಸಿಕೊಂಡು ಅಲುಗಾಡದೆ ಮಲಗಬೇಕು, ಅವರು "ಏಳ್ರಿ" ಎಂದಾಗ ಏಳಬೇಕು, ಇಷ್ಟೇ. ಆದರೆ ಅವರು ಮಂಚದ ಬಳಿ ಬಂದು ನಿಂತೊಡನೆ ಮಲಗಿದ್ದವರು ಮೊಣಕೈ ಊರಿ ಅರ್ಧ ಎದ್ದುಬಿಡುತ್ತಿದ್ದರು. ವುಲ್ವರ್‌ಹ್ಯಾಂಪ್ಟನ್ನಿನಿಂದ ಬಂದಿದ್ದ ನಿವೃತ್ತ ಎಂಜಿನಿಯರ್ ರಾಜಶೇಖರ ಅವರಂತೂ ಕಾಲನ್ನೇ ಕೆಳಗಿಳಿಸಿದರು.

"ಅಣ್ಣಾರ, ಮಕ್ಕೊಳ್ರಿ! ನಾ ಇನ್ನೂ ಹೇಳಿಲ್ಲ."

"ಡಾಕ್ಟರು ನಿಂತಿರ್ತಾರ, ನಾ ಕಾಲು ಚಾಚಿ ಬಿದ್ದಿರ್ಲೇನವಾ? ನಮ್ಮ ಮನ್ಯಾಗ ಹಂಗ ಕಲಿಸಿಲ್ಲ."

ಹೀಗೆ 'ಏಳ್ರಿ' ಎನ್ನುವ ಮೊದಲೇ ಎಲ್ಲರ ಎದೆಯೂ ಓಡಿಬಿಟ್ಟಿತ್ತು. ಲೆಕ್ಕ ನೋಡಿಕೊಳ್ಳುವ ಸಹೋದ್ಯೋಗಿ, ಬೆಂಗಳೂರಿನ ಚಂದ್ರಪ್ರಭಾ, ಪರದೆಯ ಮೇಲಿನ ಗೆರೆಗಳನ್ನು ನೋಡಿ, "ಡಿಫರೆನ್ಸ್ ಚೂರೇ ಚೂರು ಕಣೇ ನೀಲಾ, ಇಟ್ಕೊಳೋಣ. ಇವರೆಲ್ಲ ಇನ್ನೊಂದ್ಸಲ ಬರ್ತಾರೆ ಅಂತೀಯಾ? ಡೆಡ್‌ಲೈನ್ ಬೇರೆ ತಲೆ ಮೇಲಿದೆ" ಎಂದರು.

"ಇವರ ಮರ್ಯಾದಿನ ಇವರ ರೋಗ ಅಂತ ಬರೀಲೇನು?" ಎಂದ ನೀಲಮ್ಮನವರು ಆ ದಿನದ ಅಳತೆಗಳನ್ನೆಲ್ಲ ಅಲ್ಲೇ ಕೈಬಿಟ್ಟರು.

ಆಮೇಲಿನ ವಾರವೆಲ್ಲ 'ಇನ್ನೊಮ್ಮೆ ಬರ್ರಿ' ಎಂದು ಫೋನಿನಲ್ಲಿ ಮನೆಮನೆಗೂ ಕರೆ ಹೋಯಿತು. "ನನ್ನ ಎದಿ ಬಿಟ್ಟು ಮೋಟಾರ್‌ವೇ ಅಳಿಯಾಕ ಹತ್ತೀಯೇನು?" ಎಂದು, ಮತ್ತೆ ಅಷ್ಟು ದೂರದ ಹೆದ್ದಾರಿ ಹಿಡಿಯಬೇಕಾದ ರಾಜಶೇಖರರು ಗೊಣಗಿದರು, ಆದರೂ ಬಂದರು. ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ಬಂದರು.

ಈ ಸಲ ಪ್ರತಿ ಮಂಚದ ಮಗ್ಗುಲಲ್ಲೂ ಇನ್ನೊಂದು ಖಾಲಿ ಮಂಚವಿತ್ತು. ನೀಲಮ್ಮನವರು ಬಂದವರೇ ಅದರ ಮೇಲೆ ಉದ್ದಕ್ಕೆ ಮಲಗಿ ಸೂರನ್ನು ನೋಡತೊಡಗಿದರು. ವೈದ್ಯರೇ ಮಲಗಿದ ಮೇಲೆ ಯಾರಿಗಾಗಿ ಏಳುವುದು? ರಾಜಶೇಖರರು ಒಮ್ಮೆ ನಕ್ಕು, ನಗು ಇಳಿದ ಮೇಲೆ ಮಗುವಿನಂತೆ ಸುಮ್ಮನಾದರು. ಹೊತ್ತು ನೋಡಿಕೊಂಡು "ಏಳ್ರಿ" ಎಂದ ನೀಲಮ್ಮನವರು ತಾವೂ ಅವರೊಡನೆಯೇ ಎದ್ದು ನಿಂತರು. ಹೀಗೆ ಬೆಳಗಿನಿಂದ ಸಂಜೆಯವರೆಗೆ ಒಬ್ಬೊಬ್ಬರ ಪಕ್ಕದಲ್ಲೂ ಮಲಗುವುದು, ಏಳುವುದು. ಕೊನೆಗೆ ಮೇಜನ್ನು ಹಿಡಿದು ನಿಂತ ಅವರ ಮುಖ ಬಿಳಿಚಿತ್ತು.

"ಈಗ ನಿನ್ನ ಹಾರ್ಟ್ ನೋಡ್ಬೇಕು" ಎಂದರು ಚಂದ್ರಪ್ರಭಾ.

"ನಾ ನಿನ್ನ ಲೆಕ್ಕದಾಗಿಲ್ಲ, ಬಿಡ. ಅವರವು ಹೆಂಗ ಬಂದಾವ, ಅದನ್ನ ಹೇಳು."

"ಕ್ಲೀನ್ ಆಗಿದೆ ಕಣೇ. ನಂಬರೂ ಸಾಕು."

ಮನುಷ್ಯರನ್ನು ಅಳೆಯಲು ಹೊರಟವರಲ್ಲಿ ಬಹಳ ಮಂದಿ ಅಳತೆಗೆ ಅಡ್ಡಬರುವ ನಡತೆಯನ್ನು ತಿದ್ದಲು ನೋಡುತ್ತಾರೆ. ಕೆಲವರು ಅಳತೆಯನ್ನೇ ತುಸು ಸಡಿಲಿಸಿ ಮುಂದೆ ಸಾಗುತ್ತಾರೆ. ಎರಡಕ್ಕೂ ಒಪ್ಪದ ಕೆಲವೇ ಮಂದಿ ತಾವು ನಿಂತ ಜಾಗವನ್ನು ಬಿಟ್ಟು ಕೆಳಗಿಳಿದು ಬರುತ್ತಾರೆ. ಅಂಥವರ ಎದುರಿನಲ್ಲಿ ನಮ್ಮ ಹೃದಯಕ್ಕೆ ಯಾವ ಉಪಚಾರವೂ ಬೇಕಾಗುವುದಿಲ್ಲ; ಅದು ತಾನಿರುವಂತೆಯೇ ಮಿಡಿಯುತ್ತದೆ.