ಬೀಡಿ ಆರಿಸುವ ಮೀನು

ಅಪ್ಪ ಹೋದ ಮೇಲೆ ಅವರು ಸಾಕಿದ್ದ ಮೀನು ಅಕ್ಕನ ಪಾಲಿಗೆ ಬಂತು. ನದಿ ಸಮುದ್ರ ಸೇರುವಲ್ಲಿನ ಅರೆ ಉಪ್ಪುನೀರಿನ ಮೀನದು. ಮೇಲೇನಾದರೂ ಮಿನುಗಿದರೆ ಬಾಯಿಂದ ಪಿಚಕಾರಿ ಹಾರಿಸುತ್ತಿತ್ತು. ಅಪ್ಪ ಬೀಡಿ ಕಚ್ಚಿಕೊಂಡು ತೊಟ್ಟಿಗೆ ಬಗ್ಗಿದರೆ ಸಾಕು, ಬೀಡಿ ಚುಸ್ಸೆಂದು ಆರುತ್ತಿತ್ತು. "ನನ್ನ ಮಾತಂತೂ ಕೇಳಲ್ಲ, ಮೀನಿನ ಮಾತಾದ್ರೂ ಕೇಳಿ," ಎಂದು ಅಮ್ಮ ಗೊಣಗುತ್ತಿದ್ದಳು.

ಅಕ್ಕ ಇದ್ದದ್ದು ತಮ್ಮನ ಮನೆಯಲ್ಲಿ; ಅಲ್ಲಿ ಕಡಲ ಮೀನುಗಳ ದೊಡ್ಡ ಗಾಜಿನ ತೊಟ್ಟಿಯಿತ್ತು. ಇದನ್ನೂ ಸೀದಾ ಅದಕ್ಕೆ ಸುರಿಯಹೊರಟವನನ್ನು ಅಕ್ಕ ಗದರಿದಳು. ಮೀನು ತಂದಿದ್ದ ಬಕೆಟ್ಟಿಗೆ ದಿನಕ್ಕೊಂದು ಲೋಟ ಉಪ್ಪುನೀರು ಬೆರೆಸುತ್ತ, ಅಪ್ಪನಂತೆಯೇ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡುತ್ತ, ಮೀನನ್ನು ಮೆಲ್ಲಗೆ ಒಗ್ಗಿಸಿ ತೊಟ್ಟಿಗೆ ಬಿಟ್ಟಳು. ಅದು ತಿಂದಿತು, ಈಜಿತು. ಒಂದು ಹನಿಯನ್ನೂ ಹಾರಿಸಲಿಲ್ಲ. ಅಕ್ಕ ಮೇಲಿನಿಂದ ಬಳೆ ಆಡಿಸಿದಳು, ಚಮಚ ತೋರಿಸಿದಳು. ಅದು ಕ್ಯಾರೇ ಅನ್ನಲಿಲ್ಲ.

"ಉಪ್ಪು ಜಾಸ್ತಿಯಾಗಿ ಹಳೇದೆಲ್ಲ ಮರ್ತಿದೆ, ಬಿಡಕ್ಕಾ," ಎಂದ ತಮ್ಮ. ಸಿಗರೇಟು ಹಚ್ಚಿ, ತೊಟ್ಟಿಯ ದೀಪ ಸರಿಪಡಿಸಲೆಂದು ಬಗ್ಗಿದ.

ಚುಸ್ಸೆಂದಿತು ಸಿಗರೇಟು.

ಮೂಗಿನಿಂದ ನೀರು ತೊಟ್ಟಿಕ್ಕಿಸುತ್ತ ಅವನು ಬೆಪ್ಪಾಗಿ ನಿಂತ. ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

"ಎಲ್ಲಿ ಮರ್ತಿದೆ? ಇಷ್ಟು ದಿನ ಅಪ್ಪನ್ನ ಕಾಯ್ತಿತ್ತು ಕಣೋ."