ರಕ್ತಸಂಬಂಧ ಇಲ್ಲದವಳು

ಭೀಮಸೇನನಿಗೆ ಗಾಬರಿ ಬರುವ ಮೊದಲು ಎರಡು ಆಕಳಿಕೆ ಬರುತ್ತಿದ್ದವು. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿ ಇಂದಿರಾ ಒಬ್ಬಳಿಗೆ. ನವಲಗುಂದದ ಕಡೆಯ ಎರೆಹೊಲದ ಊರಲ್ಲಿ, ಬದುವಿನ ಮೇಲೆ ನಿಂತು ಗಾಳಿಯ ವಾಸನೆಯಲ್ಲೇ ಮಳೆ ಹೇಳುವವರ ನಡುವೆ ಬೆಳೆದವಳು ಆಕೆ. ಆಕಳಿಕೆ ಕಂಡ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಗಂಡನ ಪಕ್ಕ ಕೂತು, ಅವನ ಅಂಗೈ ನಡುವೆ ಹೆಬ್ಬೆರಳೂರಿ, ಮಾತಿಲ್ಲದೆ ಹಿಡಿದಿರುತ್ತಿದ್ದಳು. ಎದೆ ಡವಗುಟ್ಟಿ ಬೆವರು ಕಿತ್ತುಬಂದು "ಇಂದೂ, ನಾ ಸಾಯ್ತೀನಿ" ಅಂದರೂ ಬಿಡುತ್ತಿರಲಿಲ್ಲ. ಕಾಲು ತಾಸಿಗೆ ಅದು ಇಳಿಯುತ್ತಿತ್ತು. ವಿಮಾ ಕಚೇರಿಯ ಕೆಲಸಕ್ಕೆ ಅಹಮದಾಬಾದಿಗೆ ವರ್ಗವಾಗಿ ಬಂದ ಹನ್ನೊಂದು ವರ್ಷವೂ ಹೀಗೇ ನಡೆದಿತ್ತು. ಕಾಯಿಲೆ ಅವನದಾದರೂ ಅದರ ಕೀಲಿಕೈ ತನ್ನ ಸೆರಗಿನ ತುದಿಯಲ್ಲಿದೆ ಎಂಬ ಸಣ್ಣ ಹೆಮ್ಮೆ ಅವಳಿಗೆ.

೧೯೯೫ರ ಬೇಸಿಗೆಯಲ್ಲಿ ಆಸ್ಪತ್ರೆಯ ಡಾಕ್ಟರರು ಅದಕ್ಕೆ ಪ್ಯಾನಿಕ್ ಡಿಸಾರ್ಡರ್ ಎಂದು ಹೆಸರು ಹೇಳಿ ಗುಳಿಗೆ ಕೊಟ್ಟರು. ಇದು ಮನೆತನದಲ್ಲಿ ಹರಿದು ಬರುತ್ತದೋ ಏನೋ ಎಂದು ಅಲ್ಲೊಂದು ಸಂಶೋಧನೆ ನಡೆದಿತ್ತು. ರಕ್ತಸಂಬಂಧಿಗಳು ಯಾರಿದ್ದಾರೆ ಎಂದು ಕೇಳಿದರು. ಭೀಮಸೇನ ಎಸ್‌ಟಿಡಿ ಬೂತಿನಿಂದ ವಡೋದರಾದ ತಂಗಿ ಪ್ರೇಮಾಗೆ ಫೋನು ಹಚ್ಚಿದ. ವಿಷಯ ಕೇಳಿದವಳೇ ಆಕೆ ಅತ್ತುಬಿಟ್ಟಳಂತೆ: "ಅಣ್ಣಾ, ನನಗೂ ಬರ್ತದೋ!"

ಅಲ್ಲಿಂದ ಶುರುವಾಯಿತು. ಪ್ರತಿ ಭಾನುವಾರ ಅವನು ಬೂತಿನ ಗಾಜಿನ ಹಿಂದೆ ನಿಂತು ತಂಗಿಯ ಜೊತೆ ನಗುತ್ತಿದ್ದರೆ, ಹೊರಗೆ ಕಾಯಿಪಲ್ಲೆಯ ಚೀಲ ಹಿಡಿದು ನಿಂತ ಇಂದಿರಾ ಮೀಟರಿನ ಅಂಕಿ ಏರುವುದನ್ನೇ ನೋಡುತ್ತಿದ್ದಳು. ಹನ್ನೊಂದು ವರ್ಷ ಬಿತ್ತಿ ಕಳೆ ಕಿತ್ತವರು ಯಾರು, ಈಗ ಕಣಕ್ಕೆ ಮೊರ ಹಿಡಿದು ಬಂದವರು ಯಾರು!

ಆಸ್ಪತ್ರೆಯವರು ಮಣಿನಗರದ ಇವರ ಮನೆಗೇ ಬಂದು ಎಲ್ಲರನ್ನೂ ಮಾತಾಡಿಸುವುದೆಂದು ನಿಗದಿಯಾಯಿತು. ಆ ದಿನ ಪ್ರೇಮಾ ಗಂಡನ ಸಮೇತ ಬೆಳಗಿನ ರೈಲಿಗೆ ಬಂದಳು. ಗಂಡ ಕೃಷ್ಣಮೂರ್ತಿ ಮಕರಪುರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಅಣ್ಣ ತಂಗಿ ಪಡಸಾಲೆಯ ತೂಗುಮಣೆಯ ಮೇಲೆ ಕೂತವರು ಏಳಲೇ ಇಲ್ಲ.

"ನಿನಗ ಬಾಯಿ ಸುತ್ತ ಜುಮ್ ಅಂತದೇನು?" ಭೀಮಸೇನ ಕೇಳಿದ.

"ಅಂತದ! ಇರುವಿ ಹರದಾಡಿದಂಗ! ಮೊನ್ನೆ ಸತ್ಯನಾರಾಯಣ ಪೂಜಾದಾಗ ಪ್ರಸಾದ ಬಿಟ್ಟು ಎದ್ದು ಓಡಿ ಬಂದೆ."

"ನಾ ಸಾಹೇಬನ ಮೀಟಿಂಗೇ ಬಿಟ್ಟು ಬಂದೀನಿ. ಹೊಟ್ಟಿ ಕೆಟ್ಟದ ಅಂತ ಹೇಳಿದೆ!"

ತೂಗುಮಣೆಯ ಸರಪಳಿ ಝಣಗುಡುವ ಹಾಗೆ ಇಬ್ಬರೂ ನಕ್ಕರು. ಸಾಹೇಬನ ಮೀಟಿಂಗಿನ ಸುದ್ದಿ ಇಂದಿರಾಗೇ ಹೊಸದು. ಅವಲಕ್ಕಿಯ ತಾಟುಗಳನ್ನು ಇಡುತ್ತ ಅಂದಳು: "ಅದರ ಮಾತು ಭಾಳ ಆಡಬ್ಯಾಡ್ರಿ. ಆಡಿದ್ರ ಅದು ಬರ್ತದ."

"ಇಲ್ಲ ವೈನಿ, ಹೇಳಿಕೊಂಡ್ರ ಹಗುರ ಆಗ್ತದ. ಅನುಭವಿಸಿದವರಿಗೇ ಗೊತ್ತು. ನಿಮಗ ತಿಳಿಯಂಗಿಲ್ಲ ಬಿಡ್ರಿ," ಅಂದಳು ಪ್ರೇಮಾ.

"ಅದೂ ಖರೇನ," ಅಂದ ಭೀಮಸೇನ. ನಾದಿನಿಯ ಮಾತು ಚುಚ್ಚಿತ್ತು. ಗಂಡನ ಮಾತು ಮುಳ್ಳಿನ ಮೊನೆಯಂತೆ ಒಳಗೇ ಮುರಿದುಕೊಂಡಿತು.

ಹತ್ತು ಗಂಟೆಗೆ ಆಸ್ಪತ್ರೆಯಿಂದ ಜಾಗೃತಿಬೆನ್ ಬಂದಳು. ಕನ್ನಡಕದ ಹುಡುಗಿ, ಬಗಲಲ್ಲಿ ಕಾಗದದ ಕಟ್ಟು, ಮಾತು ಹಿಂದಿಯಲ್ಲಿ. ಮೊದಲು ಹಾಳೆಯ ಮೇಲೆ ವಂಶವೃಕ್ಷ ಬರೆದಳು. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಸೊನ್ನೆ. ಗಾಬರಿ ಇದ್ದವರದಕ್ಕೆ ಕಪ್ಪು ತುಂಬುವುದು. ಮದುವೆಮನೆಗಳಿಂದ ನಡುವೆಯೇ ಎದ್ದು ಹೋಗುತ್ತಿದ್ದ ಅಜ್ಜಿಯ ಸೊನ್ನೆ ಕಪ್ಪಾಯಿತು, ಭೀಮಸೇನನ ಚೌಕ ಕಪ್ಪಾಯಿತು, ಪ್ರೇಮಾಳ ಸೊನ್ನೆಯೂ ಕಪ್ಪಾಯಿತು. ಇಂದಿರಾಳದು ಖಾಲಿ.

"ನೀವು ರಕ್ತಸಂಬಂಧ ಅಲ್ಲವಲ್ಲ," ಅಂದಳು ಜಾಗೃತಿಬೆನ್. "ಆದರೂ ಹೋಲಿಸಿ ನೋಡಲು ನಿಮ್ಮನ್ನೂ ಕೇಳುತ್ತೇವೆ."

"ವೈನಿ, ನಾವಿಬ್ಬರೂ ಖಾಲಿ ಡಬ್ಬಿ!" ಎಂದು ಕೃಷ್ಣಮೂರ್ತಿ ಅವಲಕ್ಕಿ ಬಾಯಿಗೆ ಹಾಕಿಕೊಂಡ. ಇಂದಿರಾಗೆ ನಗು ಬರಲಿಲ್ಲ. ಆ ಮೂರು ಕಪ್ಪು ಗುರುತುಗಳು ಒಂದೇ ಪಂಕ್ತಿಗೆ ಕೂತು ಉಣ್ಣುತ್ತಿದ್ದಂತೆ, ತಾನೊಬ್ಬಳು ಬಡಿಸುತ್ತ ನಿಂತಂತೆ ಕಂಡಿತು.

ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು ಬಾಗಿಲು ಹಾಕಿ ಕೇಳುವುದು ಪದ್ಧತಿ. ಭೀಮಸೇನನದು ಮುಗಿಯಿತು, ಪ್ರೇಮಾಳದು ಮುಗಿಯಿತು. ಮೂರನೆಯವಳಾಗಿ ಇಂದಿರಾ ಏಳುವಾಗ ತೂಗುಮಣೆಯ ಮೇಲೆ ಭೀಮಸೇನ ಆಕಳಿಸಿದ. ಮತ್ತೆ ಆಕಳಿಸಿದ. ಅವಳ ಕಾಲು ತಂತಾನೇ ನಿಂತಿತು. ಪ್ರೇಮಾ ಅಣ್ಣನ ಪಕ್ಕದಲ್ಲೇ ಕೂತು ಏನೋ ಹೇಳುತ್ತಿದ್ದಳು. ಆ ಆಕಳಿಕೆಯ ಅರ್ಥ ಪ್ರೇಮಾಗೆ ಹೊಳೆಯಲಿಲ್ಲ.

'ಅನುಭವಿಸಿದವರಿಗೇ ಗೊತ್ತಲ್ಲ, ನೋಡಿಕೊಳ್ಳಲಿ' ಎಂದುಕೊಂಡು ಇಂದಿರಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಇದ್ದಕ್ಕಿದ್ದಂತೆ ವಿಪರೀತ ಭಯ ಎಂದಾದರೂ ಬಂದಿದೆಯೇ?"

"ಬಂದದ," ಅಂದಳು ಇಂದಿರಾ. ಹೇಳಬೇಕೆಂದು ಎಣಿಸಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಆಮೇಲೆ ತಡೆಯಿಲ್ಲ. ಹರುಕು ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದಳು: ಕಾಲುಪುರ ಸ್ಟೇಷನ್ನಿನ ಸೇತುವೆ ಮೇಲೆ ಎದೆ ಬಡಿದದ್ದು, ತುಂಬಿದ ಬಸ್ಸಿನಲ್ಲಿ ಉಸಿರು ಕಟ್ಟಿದ್ದು, ಬೆರಳು ತಣ್ಣಗಾದದ್ದು, ಕಾಲ ಕೆಳಗಿನ ನೆಲ ಹತ್ತಿಯಾದದ್ದು. ಜಾಗೃತಿಬೆನ್ ಪುಟ ತಿರುವಿ ತಿರುವಿ ಬರೆದುಕೊಂಡಳು. ಅಷ್ಟು ಚೆನ್ನಾಗಿ ಪ್ರೇಮಾಳೂ ಹೇಳಿರಲಾರಳು. ಸೊನ್ನೆ ಕಪ್ಪಾಗುವುದನ್ನು ಇಂದಿರಾ ಕಾಯುತ್ತ ಕೂತಳು. ಕಿವಿ ಮಾತ್ರ ಬಾಗಿಲ ಕಡೆಗಿತ್ತು. ಹೊರಗೆ ಸರಪಳಿಯ ಸದ್ದು ನಿಂತಿತ್ತು.

"ಆ ಹೊತ್ತಿನಲ್ಲಿ ಏನಾಗಿಬಿಡುತ್ತದೆ ಅಂತ ಹೆದರಿಕೆ?"

"ಇವರು ಸತ್ತುಹೋಗ್ತಾರ ಅಂತ."

ಪೆನ್ನು ನಿಂತಿತು. "ಇವರು ಅಂದರೆ?"

ಇಂದಿರಾ ಎದ್ದು ಬಾಗಿಲು ತೆರೆದಳು.

ಭೀಮಸೇನ ತೂಗುಮಣೆಯ ಅಂಚು ಹಿಡಿದು ಬಾಗಿದ್ದ, ಅಂಗಿ ಒದ್ದೆ. ಅವನನ್ನು ನೋಡಿ ಹೆದರಿದ ಪ್ರೇಮಾಗೂ ಬಂದುಬಿಟ್ಟಿತ್ತು. "ಅಣ್ಣಾ, ನನಗೂ ಆಗ್ಲಿಕ್ಹತ್ತದ" ಎನ್ನುತ್ತ ಅವನ ತೋಳನ್ನೇ ಜಗ್ಗುತ್ತಿದ್ದಳು. ಈಜು ಬಾರದವರಿಬ್ಬರು ಬಾವಿಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡ ಹಾಗಿತ್ತು. ಕೃಷ್ಣಮೂರ್ತಿ ತಾಟು ಹಿಡಿದು ಗೋಡೆಗೆ ಅಂಟಿ ನಿಂತಿದ್ದ.

ಇಂದಿರಾ ನಡುವೆ ಕೂತು ಗಂಡನ ಅಂಗೈ ಹಿಡಿದಳು. ತಾನು ಆಕಳಿಕೆ ಕಂಡೂ ಬಿಟ್ಟುಹೋದದ್ದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದಂತೆಯೇ ಅವನ ಬೆರಳುಗಳು ಅವಳನ್ನು ಬಿಗಿಯಾಗಿ ಹಿಡಿದವು.

"ವೈನಿ, ನನ್ನ ಕೈನೂ ಹಿಡೀರಿ," ಅಂದಳು ಪ್ರೇಮಾ.

ಚಾಚಿದ ಆ ಕೈಯನ್ನು ಇಂದಿರಾ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟಳು. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಷ್ಟು ಹೊತ್ತು. ಆಮೇಲೆ ಕೇಳಿದಳು: "ವಡೋದರಾದಾಗ ನಿನ್ನ ಕೈ ಯಾರು ಹಿಡೀತಾರ?"

"ಯಾರೂ ಇಲ್ಲ," ಪ್ರೇಮಾ ತೇಕುತ್ತ ಅಂದಳು. "ಇವರು ಫ್ಯಾನ್ ಹಚ್ಚತಾರ."

ಇಂದಿರಾಗೆ ಮೊದಲು ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು.

"ಕೃಷ್ಣಮೂರ್ತಿಯವರ, ಆ ತಾಟು ಕೆಳಗಿಡ್ರಿ. ಬರ್ರಿ ಇಲ್ಲಿ. ಆಕಿ ಅಂಗೈ ಹಿಡೀರಿ. ಹೆಬ್ಬೆರಳು ನಡುವ. ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗ. ಒತ್ತಬ್ಯಾಡ್ರಿ, ಊರ್ರಿ. ಏನೂ ಮಾತಾಡಬ್ಯಾಡ್ರಿ."

"ಎಷ್ಟೊತ್ತು ವೈನಿ?"

"ಆಕಿ ಬಿಡು ಅನ್ನೂತನಕ."

ಬಾಗಿಲಲ್ಲಿ ಜಾಗೃತಿಬೆನ್ ಹಾಳೆ ಹಿಡಿದು ನಿಂತಿದ್ದಳು. ಇಂದಿರಾ ಅವಳತ್ತ ನೋಡಿ ತಲೆ ಅಡ್ಡ ಆಡಿಸಿದಳು, ಹೇಳಿದ್ದು ತನ್ನದಲ್ಲ, ಬರೆದದ್ದು ಬೇಡ ಎಂಬಂತೆ. ಹುಡುಗಿ ಒಂದು ಗಳಿಗೆ ತಡೆದು, ಬರೆದ ಪುಟಗಳ ಮೇಲೆ ಅಡ್ಡಗೆರೆ ಎಳೆದಳು.

ಭೀಮಸೇನನ ಉಸಿರು ಇಳಿಯತೊಡಗಿತು. ತಂಗಿಯ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದ.

"ಸುಮ್ನ ಕೂಡ್ರಿ," ಅಂದಳು ಇಂದಿರಾ, ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು.