ನೀವು ಕಾಯ್ತಿರೋರು ಬೇಗ ಬರಲಿ

ಫೋನ್ ಮತ್ತೆ ತೊಡೆ ಮೇಲೆ ಗುಂಯ್ ಅಂತು, ಬಲಗೈಲೇ ತೆಗೀಬೇಕು, ಎಡಗೈ ಡಯಾಲಿಸಿಸ್ ಮೆಷಿನ್‌ಗೆ ಕೊಟ್ಟಾಗಿದೆ, ರಕ್ತ ಆ ಕೊಳವೇಲಿ ಹೋಗಿ ಈ ಕೊಳವೇಲಿ ತೊಳೆದುಕೊಂಡು ಬರ್ತಿದೆ, ಪಕ್ಕದ ಮನೆಯವರು ಒಗೆದು ಹರವಿದ ಬಟ್ಟೆ ನೋಡೋ ಹಾಗೆ ನೋಡ್ತೀನಿ, ಅಭ್ಯಾಸ ಆಗೋಯ್ತು — ಕಾಮೆಂಟು, ಇನ್ನೊಂದು, ಬೆಳಿಗ್ಗೆ ಫೇಸ್‌ಬುಕ್‌ಗೆ ಹಾಕಿದ ಕವಿತೆಗೆ ಇಷ್ಟು ಜನ ಬರ್ತಾರೆ ಅಂದ್ಕೊಂಡಿರಲಿಲ್ಲ, ನಿನ್ನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಆದರೂ ನನ್ನೊಳಗೆ ನಿನಗೊಂದು ಜಾಗ ಬಿಟ್ಟು ಕಾಯ್ತಿದ್ದೀನಿ, ಅಷ್ಟೇ ಬರೆದದ್ದು, ಸುರಭಿ ಅಂತ ಯಾವುದೋ ಹುಡುಗಿ, ಪರಿಚಯವೇ ಇಲ್ಲ, ಶ್ವೇತಕ್ಕ ನನ್ನ ಕಥೆನೇ ಬರೆದುಬಿಟ್ರಿ, ಅವನು ಮಾತು ಬಿಟ್ಟಾಗಿನಿಂದ ನಾನೂ ಹೀಗೇ ಕೂತಿದ್ದೀನಿ, ಶ್ರೀನಗರದ ಅನಂತರಾಮು, ರಿಟೈರ್ಡ್ ಮೇಷ್ಟ್ರು, ವಿರಹ ಚೆನ್ನಾಗಿ ಮೂಡಿದೆ, ಆದರೆ ಕಾಯುತ್ತಿದ್ದೇನೆ ಎಂದಿರಲಿ, ಆಡುಮಾತು ಕವಿತೆಗೆ ಒಗ್ಗದು, ಆಯ್ತು ಸಾರ್, ತಿದ್ದೋಣ, ಕೊನೆಗೆ ಕಾತ್ಯಾಯಿನಿ ಅನ್ನೋರು, ಕೈಮುಗಿಯೋ ಚಿತ್ರದ ಜೊತೆ, ನೀವು ಕಾಯ್ತಿರೋರು ಬೇಗ ಬರಲಿ ಮೇಡಂ, ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬೇಡ್ಕೊಂಡೆ.

ಬೇಡ್ಕೊಂಡ್ರಂತೆ. ಯಾರು ಬರಬೇಕು ಅಂತ ಅವರಿಗೇನು ಗೊತ್ತು, ನನ್ನ ಗಂಡ ಮನೋಜ್ ತನ್ನದೇ ಕಿಡ್ನಿ ಕೊಡ್ತೀನಿ ಅಂದ, ತರಕಾರಿ ತರ್ತೀನಿ ಅನ್ನೋ ಹಾಗೆ ಅಂದ, ಹೊಂದಲಿಲ್ಲ, ಅಮ್ಮನಿಗೆ ಶುಗರ್, ಆಮೇಲೆ ಡಾಕ್ಟರು, ವೇಟಿಂಗ್‌ನಲ್ಲಿ ಹೆಸರು ಹಾಕಿಸಿ, ಯಾರಿಗಾದ್ರೂ ಬ್ರೈನ್ ಡೆಡ್ ಆಗಿ ಮನೆಯವರು ಒಪ್ಪಿದ್ರೆ ಕಾಲ್ ಬರುತ್ತೆ, ಫೋನ್ ಆನ್ ಇಟ್ಕೊಂಡಿರಿ, ಗ್ಯಾಸ್ ಸಿಲಿಂಡರ್ ಬರೋ ಹಾಗೆ, ಅಂದರೆ ನಾನು ಕಾಯ್ತಿರೋನು ಈಗ ಎಲ್ಲೋ ಊಟಕ್ಕೆ ಕೂತಿರ್ತಾನೆ, ಸಂಜೆ ಸಿಗ್ತೀನಿ ಮಗಾ ಅಂತಿರ್ತಾನೆ, ಅವನು ನನ್ನ ಹತ್ರ ಬರಬೇಕಾದರೆ ಅವನ ಮನೆಗೆ ಹೋಗಬಾರದು, ಇಷ್ಟು ಜನ ಕೆಂಪು ಹೃದಯ ಒತ್ತಿ ಒತ್ತಿ ಅವನನ್ನೇ ಕರೀತಿದ್ದಾರೆ, ಎಲ್ಲರಿಗೂ ಥ್ಯಾಂಕ್ಸ್ ಅಂತ ಬರೆದೆ, ದೀಪ ಹಚ್ಚಿದವರಿಗೆ ಮಾತ್ರ ಬೆರಳು ಓಡಲಿಲ್ಲ.

ಸೂಜಿ ತೆಗೆದರು, ಹತ್ತಿ ಒತ್ತಿ ಪಟ್ಟಿ ಹಾಕಿದರು, ಜಯನಗರದಿಂದ ಜರಗನಹಳ್ಳಿ ಮನೆಗೆ ಆಟೋ, ಪಕ್ಕದಲ್ಲಿ ಮನೋಜ್, ಕವಿತೆಗೆ ಲೈಕ್ ಬಂತಾ, ಸಖತ್ತಾಗಿ ಬಂತು ಅಂದೆ, ಸಾರಕ್ಕಿ ಸಿಗ್ನಲ್ಲು, ಪಕ್ಕಕ್ಕೆ ಸ್ಕೂಟರೊಂದು ಬಂದು ನಿಂತಿದೆ, ಬರಿ ತಲೆ, ಹೆಲ್ಮೆಟ್ ಮೊಣಕೈಗೆ ಸಿಕ್ಕಿಸಿಕೊಂಡಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ, ನನ್ನ ಕಣ್ಣು ಅವನ ಶರ್ಟಿನ ಮೇಲೆ ಇಳೀತು, ಬೆನ್ನು, ಸೊಂಟದ ಮೇಲೆ, ಈ ಪಕ್ಕ, ಆ ಪಕ್ಕ — ಥೂ, ಏನು ನೋಡ್ತಿದ್ದೀನಿ ನಾನು — ಅಣ್ಣ, ಅಂದೆ, ಕೇಳಿಸಲಿಲ್ಲ, ಅಣ್ಣ, ಹೆಲ್ಮೆಟ್ ಹಾಕ್ಕೊಳ್ಳಿ, ಮನೋಜ್ ತಿರುಗಿ ನೋಡಿದ, ನಿಂಗ್ಯಾಕೇ ಅದೆಲ್ಲ, ಪ್ಲೀಸ್ ಹಾಕ್ಕೊಳ್ಳಿ, ನನ್ನ ದನಿ ಯಾಕೆ ಇಷ್ಟು ಜೋರು, ಅವನು ನಕ್ಕ, ಇಲ್ಲೇ ಹತ್ರ ಆಂಟಿ, ಪೊಲೀಸೂ ಇಲ್ಲ, ಹಸಿರು ಬಿತ್ತು, ಹೋದ, ಬಸ್ಸಿನ ಪಕ್ಕಕ್ಕೇ ನುಗ್ಗಿ ಹೋದ, ಮನೋಜ್ ಏನೋ ಹೇಳ್ತಿದ್ದಾನೆ, ಬಸ್ಸು, ಬಸ್ಸಿನಾಚೆ ಬರಿ ತಲೆ, ಮೊಣಕೈ, ಹೆಲ್ಮೆಟ್ಟು ತೂಗ್ತಾ ಇದೆ, ಈಗ ತಲೆ ಕಾಣಿಸ್ತಿಲ್ಲ, ಬಸ್ಸಷ್ಟೇ, ಆದರೂ ತೂಗ್ತಾ ಇದೆ, ಖಾಲಿ ಹೆಲ್ಮೆಟ್ಟು, ಮೊಣಕೈಯಲ್ಲಿ, ಖಾಲಿ ಹೆಲ್ಮೆಟ್ಟು —